ಗುರುಬಸಮ್ಮನ ಅಂಗೈ

ರುದ್ರೇಶನ ಕೈ ಏಳುವ ಮುಂಚೆ ಅವನ ಎಡಗಿವಿ ಕೆಂಪಗಾಗುತ್ತಿತ್ತು. ಇದು ಬೀದಿಯವರಿಗೆ ಗೊತ್ತಿರಲಿಲ್ಲ, ಮನೆಯ ಇಬ್ಬರು ಹೆಂಗಸರಿಗೆ ಗೊತ್ತಿತ್ತು. ಹೆಂಡತಿ ತನುಶ್ರೀ ಆ ಕಿವಿಯನ್ನು ಕಂಡ ಕೂಡಲೇ ಕೈಯಲ್ಲಿದ್ದುದನ್ನು ಕೆಳಗಿಡುತ್ತಿದ್ದಳು, ಬಿಸಿಯದೇನಾದರೂ ಇದ್ದರೆ ಮೈಮೇಲೆ ಚೆಲ್ಲಬಾರದೆಂದು. ತಾಯಿ ಗುರುಬಸಮ್ಮನಿಗೆ ಆ ಕಿವಿ ಹಳೆಯ ಪರಿಚಯ. ತೀರಿಹೋದ ಗಂಡ ವೃಷಭೇಂದ್ರಪ್ಪನಿಗೂ ಹಾಗೇ ಆಗುತ್ತಿತ್ತು. ಅವನು ತಕ್ಕಡಿಯ ಸರಪಳಿ ಬಿಚ್ಚಿಕೊಂಡು ಬರುತ್ತಿದ್ದ. "ನಿನ್ನ ಗಂಡ ಬರಿಗೈಲಿ ಹೊಡೀತಾನೆ, ಅಷ್ಟಾದರೂ ಪುಣ್ಯ," ಎಂದು ಅವಳು ಒಮ್ಮೆ ಸೊಸೆಗೆ ಹೇಳಿದ್ದಳು. ಸಮಾಧಾನ ಮಾಡಿದೆನೆಂದೇ ತಿಳಿದಿದ್ದಳು.

ಚಾಮರಾಜಪೇಟೆಯಲ್ಲಿ ಅವರದು ಗ್ರಂಥಿಗೆ ಅಂಗಡಿ. ಮುಂದೆ ಅಂಗಡಿ, ಅದರ ಬೆನ್ನಿಗೆ ಗೋದಾಮು, ಆಮೇಲೆ ಮನೆ, ಕೊನೆಗೆ ಹಿತ್ತಲು. ಅಳಲೆಕಾಯಿ, ಹಿಪ್ಪಲಿ, ಬಾಣಂತಿಯ ಔಷಧಿ, ಕರ್ಪೂರ, ವಿಭೂತಿಗಟ್ಟಿ ಎಲ್ಲ ಅಲ್ಲಿ ಸಿಗುತ್ತಿದ್ದವು. ಆದರೆ ಜನ ಹುಡುಕಿಕೊಂಡು ಬರುತ್ತಿದ್ದುದು ಜೇನುತುಪ್ಪಕ್ಕೆ. ಬೇರೆ ಕಡೆ ಕೊಂಡವರೂ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗುರುಬಸಮ್ಮನ ಹತ್ತಿರ ಬರುತ್ತಿದ್ದರು. ಬಕೆಟ್ಟಿನಲ್ಲಿ ಜೇನುಹಟ್ಟಿ ಇಟ್ಟುಕೊಂಡು, ಅದನ್ನು ಬೆಲ್ಲದ ಪಾಕದಲ್ಲಿ ಮುಳುಗಿಸಿ ಮಾರುವವರು ಬೀದಿಗೊಬ್ಬರಿದ್ದ ಕಾಲ ಅದು.

"ನೀರಿಗೆ ಹಾಕಿ ನೋಡಿದೆ ಅಮ್ಮ, ಕದಡದೆ ತಳಕ್ಕೆ ಹೋಯ್ತು," ಎಂದು ಒಬ್ಬರು ಹೇಳುವರು.

"ಪಾಕ ಗಟ್ಟಿಗೆ ಕಾಸಿದ್ರೆ ಅದೂ ಹೋಗುತ್ತೆ."

"ಪೇಪರ್ ಮೇಲೆ ಹನಿ ಬಿಟ್ಟೆ, ಒದ್ದೆ ಆಗ್ಲಿಲ್ಲ."

"ನೀವು ಪೇಪರ್ ಓದ್ಕೊಳ್ಳಿ. ಬಾಟ್ಲು ಇತ್ಲಾಗೆ ಕೊಡಿ."

ಎಲೆ ಅಡಿಕೆಯ ಡಬ್ಬಿಯಿಂದ ಕಡಲೆಕಾಳಿನಷ್ಟು ಸುಣ್ಣ ತೆಗೆದು ಅವಳು ಎಡ ಅಂಗೈಯಲ್ಲಿಟ್ಟುಕೊಳ್ಳುತ್ತಿದ್ದಳು. ಮೇಲೆ ಎರಡು ಹನಿ ಜೇನು. ಬೆರಳಿನಿಂದ ತಿಕ್ಕಿ, ಮುಷ್ಟಿ ಮುಚ್ಚಿ, ಕಣ್ಣು ಮುಚ್ಚಿ, ಐದರವರೆಗೆ ಎಣಿಸುವಳು. ಅಪ್ಪಟ ಜೇನಾದರೆ ಮುಷ್ಟಿಯೊಳಗೆ ಕಾವು ಏಳುತ್ತದೆ, ಪಾಕವಾದರೆ ತಣ್ಣಗೇ ಇರುತ್ತದೆ ಎಂಬುದು ಅವಳ ತಾಯಿ ಕಲಿಸಿದ ಲೆಕ್ಕ. ನಲವತ್ತು ವರ್ಷ ಸುಣ್ಣ ತಿಂದ ಅಂಗೈಯ ನಡುವೆ ಎಂಟಾಣೆಯಷ್ಟಗಲ ಚರ್ಮ ಬೆಳ್ಳಗಾಗಿತ್ತು. ದಿನಾ ಬೆಳಿಗ್ಗೆ ಅದೇ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆ ಮಾಡುವವಳು ಅವಳು. ಆ ಕೈ ಸುಳ್ಳು ಹೇಳುವುದಿಲ್ಲ ಎಂದು ಇಡೀ ಬೀದಿ ನಂಬಿತ್ತು. ಅವಳೂ ನಂಬಿದ್ದಳು.

ಅಂಗಡಿಗೆ ಜೇನು ತರುತ್ತಿದ್ದವನು ಮಾಗಡಿ ಕಡೆಯ ಕಾಳಪ್ಪ. ಹದಿನೆಂಟು ವರ್ಷದಿಂದ ಅವನೊಬ್ಬನೇ. ಹುತ್ತದಲ್ಲಿ, ಮರದ ಪೊಟರೆಯಲ್ಲಿ ಕಟ್ಟುವ ತುಡುವೆ ಜೇನು. ತೋಳು ಮುಳುಗುವವರೆಗೆ ಕೈ ಹಾಕಿ ಹಟ್ಟಿಯನ್ನು ಮುರಿಯದಂತೆ ಬಿಡಿಸಿ ತರುತ್ತಿದ್ದ. "ಒಳಗೆ ಹಾವಿದ್ರೆ ಏನ್ ಮಾಡ್ತೀಯೋ?" ಎಂದು ಗುರುಬಸಮ್ಮ ಕೇಳಿದರೆ, "ಕೈ ಒಳಕ್ಕೋದ್ಮೇಲೆ ಕೈಗೇ ಕಣ್ಣು ಅಮ್ಮಾವ್ರೆ, ಅದ್ಕೆ ಎಲ್ಲಾ ಗೊತ್ತಾಯ್ತದೆ," ಎಂದು ನಗುತ್ತಿದ್ದ. ಮೊದಲ ಐದು ವರ್ಷ ಅವನ ಪ್ರತಿ ಡಬ್ಬವನ್ನೂ ಅವಳು ಅಂಗೈಗೆ ಹಾಕಿ ನೋಡಿದಳು. ಆಮೇಲೆ ಬಿಟ್ಟಳು.

ತೊಂಬತ್ತಾರರ ಜನವರಿ. ಆ ಸಲ ಚಳಿ ಜಾಸ್ತಿ. ಸಂಕ್ರಾಂತಿಗೆ ಮುಂಚೆ ಹಿತ್ತಲಿನ ಗೋಡೆಗೆ ಸುಣ್ಣ ಹೊಡೆಸುತ್ತಿದ್ದರು. ಅರ್ಧ ಗೋಡೆ ಮುಗಿಸಿ ಆಳುಗಳು ಊರಿಗೆ ಹೋಗಿದ್ದರು. ಒಂದು ಡ್ರಮ್ಮಿನಲ್ಲಿ ನೀರು, ಪಕ್ಕದಲ್ಲಿ ಒಂದು ಬುಟ್ಟಿ ಸುಟ್ಟ ಸುಣ್ಣದ ಹರಳು, ಇನ್ನೂ ನೀರು ಕಾಣದ್ದು, ಹಾಗೇ ಇದ್ದವು. ನೀರು ಬಿದ್ದರೆ ಕೊತಕೊತ ಕುದಿಯುವ ಸುಣ್ಣ. ಆ ಕಡೆ ಹೋಗಬೇಡವೆಂದು ಗುರುಬಸಮ್ಮ ಸೊಸೆಗೆ ಎರಡು ಸಲ ಹೇಳಿದ್ದಳು.

ಸೋಮವಾರ ಹಿಂದಿನ ರಸ್ತೆಯ ಅಲಮೇಲು ಬಂದಳು. ಅಂಗಡಿಯಲ್ಲಿ ನಾಲ್ಕೈದು ಜನ ಗಿರಾಕಿಗಳಿದ್ದರು. ಅವಳು ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ಗಲ್ಲಾಪೆಟ್ಟಿಗೆಯ ಪಕ್ಕ ಕುಕ್ಕಿದಳು.

"ಗುರುಬಸಮ್ಮನೋರೇ, ಇದೇನ್ರೀ ಇದು? ಜೇನುತುಪ್ಪಾನಾ, ಪಾಯಸಕ್ಕೆ ಹಾಕೋ ಸಕ್ಕರೇನಾ?"

ಬಾಟಲಿ ಅರ್ಧಕ್ಕರ್ಧ ಬೆಳ್ಳಗೆ ಹರಳುಗಟ್ಟಿತ್ತು.

"ನಿಮ್ಮನ್ನ ನಂಬಿ ಪಂಚಾಮೃತಕ್ಕೆ ಕೊಟ್ಟೆ. ಅರ್ಚಕರು ಚಮಚ ಹಾಕಿ ಕೆರೆದು ತೋರಿಸಿದ್ರು, ಅಷ್ಟು ಜನದ ಮುಂದೆ. 'ಸಕ್ಕರೆ ಬಂತು ಮಾಮಿ, ಇನ್ನು ಜೇನೂ ಒಂಚೂರು ತಂದುಬಿಡಿ' ಅಂದ್ರು. ನಂಗೆ ತಲೆ ಎತ್ತಕ್ಕಾಗ್ಲಿಲ್ಲ."

ಯಾರೋ ನಕ್ಕರು. ಗುರುಬಸಮ್ಮ ಬಾಟಲಿಯೊಳಗೆ ಬೆರಳು ಹಾಕಿ ನಾಲಿಗೆಗೆ ಇಟ್ಟುಕೊಂಡಳು. ಹರಳು ಹಲ್ಲಿಗೆ ಸಿಕ್ಕಿ ಕರಕ್ಕೆಂದಿತು. ಕಪಾಟಿನ ಕಡೆ ನೋಡಿದಳು. ಅದೇ ಡಬ್ಬದಿಂದ ತುಂಬಿಸಿದ ಹನ್ನೊಂದು ಬಾಟಲಿಗಳ ತಳವೂ ಬೆಳ್ಳಗಿತ್ತು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಅಂಗೈ ಚಾಚಬಹುದಿತ್ತು. ಚಾಚಿದ್ದರೆ, ಮಾರುವ ಮುಂಚೆ ಯಾಕೆ ಚಾಚಲಿಲ್ಲ ಎಂದು ಅಲಮೇಲು ಕೇಳುತ್ತಿದ್ದಳು.

"ಸಕ್ಕರೆ," ಅಂದಳು ಗುರುಬಸಮ್ಮ. "ಹದಿನೆಂಟು ವರ್ಷ ಅನ್ನ ತಿಂದು ಮೋಸ ಮಾಡಿದಾನೆ."

ರುದ್ರೇಶನ ಎಡಗಿವಿ ಕೆಂಪಗಾಯಿತು. ಅವನು ಹನ್ನೊಂದು ಬಾಟಲಿಗಳನ್ನೂ ಹಿತ್ತಲಿಗೆ ಒಯ್ದು ಒಂದೊಂದಾಗಿ ಹೊಸ ಸುಣ್ಣದ ಗೋಡೆಗೆ ಹೊಡೆದ. ಅವಸರ ಮಾಡಲಿಲ್ಲ. ಒಂದು ಒಡೆದು ಪೂರ್ತಿ ಇಳಿಯುವವರೆಗೆ ಕಾದು ಇನ್ನೊಂದನ್ನು ಎತ್ತಿಕೊಂಡ. ಕೊನೆಯದರ ಚೂರು ಸಿಡಿದು ತನುಶ್ರೀಯ ಮೊಣಕೈ ಸೀಳಿತು. ಅವಳು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಿದ್ದಳು. ಅಲ್ಲಿ ಯಾಕೆ ನಿಂತಿದ್ದೆ ಎಂದು ಅದಕ್ಕೂ ಒಂದು ಏಟು ಬಿತ್ತು.

ಗುರುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಕಾಳಪ್ಪ ಬಂದ. ಎರಡು ತಗಡಿನ ಡಬ್ಬ, ಹೆಗಲ ಮೇಲೆ ಟವೆಲ್ಲಿನಲ್ಲಿ ಕಟ್ಟಿದ ಅವರೆಕಾಯಿ. ಪ್ರತಿ ಸಂಕ್ರಾಂತಿಗೂ ಮನೆಗೆಂದು ತರುತ್ತಿದ್ದ.

"ಶರಣು ಅಮ್ಮಾವ್ರೆ. ಸೊಗಡವರೆ. ಈವತ್ತೇ ಸಾರು ಮಾಡಿಸ್ಬುಡಿ, ನಾಳಿಕ್ಕೆ..."

ನಾಳೆಗೆ ಏನೆಂದು ಅವನು ಹೇಳಲಾಗಲಿಲ್ಲ. ರುದ್ರೇಶ ತಕ್ಕಡಿಯ ಪಕ್ಕದಲ್ಲಿದ್ದ ಎರಡು ಕಿಲೋ ಕಬ್ಬಿಣದ ಬಟ್ಟನ್ನು ಎತ್ತಿ ಅವನ ಬಾಯಿಗೆ ಹೊಡೆದ. ಬರಿಗೈಯಲ್ಲಿ ಹೊಡೆಯುವವನೆಂಬ ತಾಯಿಯ ಮಾತು ಅಲ್ಲಿಗೆ ಮುಗಿಯಿತು. ಕಾಳಪ್ಪ ಹಿಂದಕ್ಕೆ ಬಿದ್ದ. ಅವರೆಕಾಯಿ ಫುಟ್‌ಪಾತಿನ ಉದ್ದಕ್ಕೂ ಚೆಲ್ಲಿತು. ಅದರ ನಡುವೆ ಎರಡು ಹಲ್ಲು ಬಿದ್ದಿದ್ದವು.

ಪಕ್ಕದ ಕಾಫಿಪುಡಿ ಅಂಗಡಿಯ ವರದರಾಜ ಮಿಷನ್ ನಿಲ್ಲಿಸಿ ಓಡಿಬಂದ. ಬಿಡಿಸಲು ಬಂದನೆಂದು ಗುರುಬಸಮ್ಮ ಅಂದುಕೊಂಡಳು.

"ಸಿಕ್ನಾ ಗುರು, ಸಕ್ಕರೆ ಕಳ್ಳ?" ಎಂದು ವರದರಾಜ ಕಾಳಪ್ಪನ ಪಕ್ಕೆಗೆ ಒದ್ದ.

ಜನ ಸೇರಿತು. ಒಬ್ಬ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಬೀಗ ಹಾಕಿ, ಕೀ ಜೇಬಿಗಿಟ್ಟುಕೊಂಡು ಬಂದು ಎರಡು ಸಲ ತುಳಿದ. ಆಮೇಲೆ ಪಕ್ಕದವನನ್ನು, "ಏನ್ ಮಾಡಿದ ಇವ್ನು?" ಎಂದು ಕೇಳಿದ.

"ಜೇನಿಗೆ ಸಕ್ಕರೆ ಬೆರೆಸ್ದ."

"ಅಷ್ಟೇನಾ?" ಎಂದ ಅವನು. ಆದರೂ ಇನ್ನೊಂದು ಸಲ ತುಳಿದೇ ಹೋದ.

ಕಾಳಪ್ಪ ತಲೆಯನ್ನು ಕೈಗಳಲ್ಲಿ ಮುಚ್ಚಿಕೊಂಡು ಅಂಗಡಿಯ ಮೆಟ್ಟಿಲವರೆಗೆ ತೆವಳಿದ. ಮಾತಿನ ಜೊತೆ ರಕ್ತದ ಗುಳ್ಳೆ ಬರುತ್ತಿತ್ತು.

"ಸಕ್ಕರೆ ಅಲ್ಲ ಅಮ್ಮಾವ್ರೆ. ಈ ಸಲ ನಮ್ ಕಡೆ ಹುಚ್ಚೆಳ್ಳು ಹೊಲ ಜಾಸ್ತಿ. ಹುಳ ಎಲ್ಲಾ ಆ ಹೂವಿಗೇ ಹೋಗವೆ. ಹುಚ್ಚೆಳ್ಳು ಜೇನು ಚಳೀಗೆ ಕಟ್ಕತದೆ. ಬಿಸಿಲಿಗೆ ಕರಗ್ತದೆ."

"ಕಥೆ ಹೇಳ್ತಾನೆ ನೋಡು ಮಗ," ಎಂದ ವರದರಾಜ.

"ನಿಮ್ಮ ಅಂಗೈಲಿ ನೋಡ್ರವ್ವಾ," ಎಂದ ಕಾಳಪ್ಪ. ಹದಿನೆಂಟು ವರ್ಷದಲ್ಲಿ ಅವನು ಅವಳನ್ನು ಅವ್ವಾ ಎಂದು ಕರೆದದ್ದು ಅದೇ ಮೊದಲು. "ಡಬ್ಬ ಇಲ್ಲೇ ಅದೆ. ನೋಡಿ. ತಣ್ಣಗಿದ್ರೆ ನನ್ನ ಇಲ್ಲೇ ಹೂತಾಕ್ಬುಡಿ."

ಗದ್ದಲ ನಿಂತಿತು. ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಗುರುಬಸಮ್ಮನ ಅಂಗೈ ಇರುವಾಗ ಬೇರೆ ಯಾರನ್ನು ಕೇಳಬೇಕು? ವರದರಾಜನೇ ಡಬ್ಬದ ಮುಚ್ಚಳ ತೆಗೆದ. ಮೇಲೆಲ್ಲ ಬೆಣ್ಣೆಯಂತೆ ಕಟ್ಟಿತ್ತು. ಬೆರಳಿನಲ್ಲಿ ಕೆರೆದು ಅವಳ ಅಂಗೈಗೆ ಹಾಕಿದ. ಅವಳು ಡಬ್ಬಿಯಿಂದ ಸುಣ್ಣ ತೆಗೆದು ಬೆರೆಸಿದಳು, ತಿಕ್ಕಿದಳು, ಮುಷ್ಟಿ ಮುಚ್ಚಿದಳು.

ಐದರವರೆಗೆ ಎಣಿಸುವ ಕೆಲಸವೇ ಇರಲಿಲ್ಲ. ಎರಡಕ್ಕೇ ಕಾವು ಎದ್ದಿತು. ಆ ಬೆಳ್ಳನೆಯ ಚರ್ಮದ ಕೆಳಗೆ, ಈಗಷ್ಟೇ ಬೆಂದ ಆಲೂಗೆಡ್ಡೆಯನ್ನು ಹಿಡಿದ ಹಾಗೆ. ನಲವತ್ತು ವರ್ಷದಲ್ಲಿ ಇಷ್ಟು ಕಾವು ಅವಳು ಕಂಡದ್ದು ಕೈಬೆರಳಿನಲ್ಲಿ ಎಣಿಸುವಷ್ಟು ಸಲ.

ಕಣ್ಣು ತೆರೆದಳು. ಎದುರಿಗೆ ಇಡೀ ಬೀದಿ. ಮೆಟ್ಟಿಲ ಮೇಲೆ ಬಾಯಿ ಒಡೆದ ಕಾಳಪ್ಪ. ಪಕ್ಕದಲ್ಲಿ ಬಟ್ಟು ಹಿಡಿದ ಮಗ. ಜೇನೆಂದು ಹೇಳಿದರೆ ಸೋಮವಾರದ ಅವಳ ಮಾತು ಸುಳ್ಳು. ಮಗ ಏನೂ ತಪ್ಪು ಮಾಡದವನ ಹಲ್ಲು ಉದುರಿಸಿದವನು. ಆ ಹಲ್ಲು ಉದುರಿಸಿದ್ದು ಮಗನ ಕೈಯಲ್ಲ, ಅವಳ ನಾಲಿಗೆ. ನಾಳೆಯಿಂದ ಈ ಬೀದಿಯಲ್ಲಿ ಯಾರು ಬಾಟಲಿ ತರುತ್ತಾರೆ?

"ಏನಾಯ್ತಮ್ಮ?" ಎಂದ ವರದರಾಜ.

"ಇಲ್ಲ," ಅಂದಳು ಗುರುಬಸಮ್ಮ. "ತಣ್ಣಗಿದೆ."

ಕಾಳಪ್ಪ ಅವಳ ಮುಖ ನೋಡಲಿಲ್ಲ. ಮುಚ್ಚಿದ ಮುಷ್ಟಿಯನ್ನೇ ನೋಡುತ್ತಿದ್ದ, ಅದು ಇನ್ನೊಂದು ಸಲ ಬೇರೆ ಏನಾದರೂ ಹೇಳಬಹುದು ಎಂಬಂತೆ.

ರುದ್ರೇಶ ಅವನ ಕೂದಲು ಹಿಡಿದು ಎಳೆದ. ಅಂಗಡಿ ದಾಟಿಸಿ, ಗೋದಾಮು ದಾಟಿಸಿ, ನಡುಮನೆಯ ಹೊಸ್ತಿಲಿಗೆ ಅವನ ಮೊಣಕಾಲು ಬಡಿಸಿ, ಹಿತ್ತಲಿಗೆ ತಂದು ಕೆಡವಿದ. ವರದರಾಜ ಡಬ್ಬ ಹಿಡಿದುಕೊಂಡು ಹಿಂದೆ ಬಂದ. ಗುರುಬಸಮ್ಮ ಹಿತ್ತಲ ಬಾಗಿಲಲ್ಲಿ ನಿಂತಳು. ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು.

"ನಮ್ಮಮ್ಮನ ಕೈಲಿ ಬಿಸಿ ಆಗ್ಲಿಲ್ವಂತೆ," ಎಂದ ರುದ್ರೇಶ. ಉಸಿರೂ ಏರಿರಲಿಲ್ಲ. "ನಿನ್ ಕೈಲಾದ್ರೂ ಆಗುತ್ತೇನೋ ನೋಡೋಣ. ಆದ್ರೆ ನೀನು ಸಾಚಾ, ಬಿಟ್ಬಿಡ್ತೀನಿ. ವರದ, ಕೂತ್ಕೋ ಇವನ ಮೇಲೆ."

ವರದರಾಜ ಕಾಳಪ್ಪನ ಎದೆಯ ಮೇಲೆ ಕೂತ. ರುದ್ರೇಶ ಬುಟ್ಟಿಯಿಂದ ಒಂದು ಹರಳು ಸುಣ್ಣ ತೆಗೆದು ಒಗೆಯುವ ಕಲ್ಲಿನ ಮೇಲಿಟ್ಟು ಬಟ್ಟಿನಿಂದ ಜಜ್ಜಿ, ಬಟ್ಟನ್ನು ಕೆಳಗೆ ಬಿಸಾಡಿದ. ಪುಡಿಯನ್ನು ಬಾಚಿ ಕಾಳಪ್ಪನ ಬಲ ಅಂಗೈಗೆ ಸುರಿದ. ಮೇಲೆ ಹಿಡಿಯಷ್ಟು ಜೇನು. ಬೆರಳುಗಳನ್ನು ಒಂದೊಂದಾಗಿ ಮಡಚಿ ಮುಷ್ಟಿ ಮಾಡಿಸಿದ, ಗೋಣಿತಾಟು ಸುತ್ತಿದ, ಡ್ರಮ್ಮಿನಿಂದ ಒಂದು ಚೊಂಬು ನೀರು ಹುಯ್ದ. ಆಮೇಲೆ ಎರಡೂ ಕೈಯಿಂದ ಆ ಮುಷ್ಟಿಯನ್ನು ಒತ್ತಿ ಹಿಡಿದ.

ಮೊದಲು ಸದ್ದು ಬಂತು, ಕಾದ ಹಂಚಿನ ಮೇಲೆ ಹಿಟ್ಟು ಬಿದ್ದಂತೆ. ಗೋಣಿಯ ಸಂದಿಯಿಂದ ಆವಿ ಎದ್ದಿತು. ಬೆಲ್ಲ ಸೀದ ವಾಸನೆ. ಅದರ ಹಿಂದೆಯೇ ಇನ್ನೊಂದು ವಾಸನೆ ಬಂತು. ಕಾಳಪ್ಪನ ಕೂಗು ಎರಡು ಬೀದಿ ದಾಟಿತೆಂದು ಆಮೇಲೆ ಜನ ಹೇಳಿದರು. ಹತ್ತಿರದಲ್ಲಿದ್ದವರಿಗೆ ಅದು ಕೂಗಿನಂತೆ ಕೇಳಲಿಲ್ಲ. ಮರ ಸೀಳಿದ ಹಾಗೆ ಕೇಳಿತು.

ಗುರುಬಸಮ್ಮನ ಮುಷ್ಟಿಯೊಳಗಿನ ಕಾವು ಇನ್ನೂ ಆರಿರಲಿಲ್ಲ. ನಲವತ್ತು ವರ್ಷದ ಅಭ್ಯಾಸ, ಅವಳಿಗೆ ಗೊತ್ತಿಲ್ಲದೆಯೇ ಒಳಗೆ ಎಣಿಕೆ ಶುರುವಾಯಿತು. ಒಂದು. ಎರಡು. ಮೂರಕ್ಕೆ ಕಾಳಪ್ಪನ ಕಾಲು ನೆಲವನ್ನು ಒದೆಯುವುದು ನಿಂತಿತು. ನಾಲ್ಕಕ್ಕೆ ಅವಳು ಅಂಗಳಕ್ಕೆ ಇಳಿದಿದ್ದಳು. ಐದಕ್ಕೆ ಕೆಳಗೆ ಬಿದ್ದಿದ್ದ ಬಟ್ಟು ಅವಳ ಬಲಗೈಯಲ್ಲಿತ್ತು. ಎರಡು ಕಿಲೋ ಎಷ್ಟು ಭಾರವೆಂದು ಅವಳಿಗೆ ಗೊತ್ತು, ಮೂವತ್ತು ವರ್ಷ ತೂಗಿದವಳು. ಅದನ್ನು ತಲೆಯ ಮೇಲೆತ್ತಿ ಮಗನ ಮಣಿಕಟ್ಟಿನ ಮೇಲೆ ಇಳಿಸಿದಳು. ಎಲುಬು ಮುರಿದದ್ದು ಎಲ್ಲರಿಗೂ ಕೇಳಿಸಿತು.

"ಬಿಸಿಯಾಗಿತ್ತು ಕಣೋ!" ಎಂದು ಅವಳು ಕಿರುಚಿದಳು. "ನನ್ನ ಕೈಲಿ ಬಿಸಿಯಾಗಿತ್ತು!"

ಇನ್ನೊಮ್ಮೆ ಎತ್ತಿದಳು. ರುದ್ರೇಶ ಜೋಲುವ ಕೈಯನ್ನು ಎದೆಗೆ ಒತ್ತಿಕೊಂಡು ಹಿಂದಕ್ಕೆ ಸರಿದ. ಕಿವಿಯ ಕೆಂಪು ಇಳಿದಿತ್ತು.

"ಅಮ್ಮಾ?" ಎಂದ. ಏಳು ವರ್ಷದವನಾಗಿದ್ದಾಗ ಸರಪಳಿ ಕಂಡು ಅವಳ ಬೆನ್ನ ಹಿಂದೆ ಸೇರಿ ಹೀಗೇ ಕೂಗುತ್ತಿದ್ದ. ಅವಳು ಬಟ್ಟನ್ನು ಇಳಿಸಿದಳು. ಮಗನ ಮೇಲಲ್ಲ, ನೆಲಕ್ಕೆ.

ವರದರಾಜ ಎದ್ದು ಪಂಚೆ ಕೊಡವಿಕೊಂಡ. "ನಾನ್ ಬರ್ತೀನಿ, ಅಂಗಡಿ ತೆರೆದೇ ಇದೆ," ಎಂದು ಹೊರಟುಹೋದ.

ತನುಶ್ರೀ ಆಗಲೇ ಒಳಗಿಂದ ಓಡಿಬಂದು ಗೋಣಿ ಬಿಚ್ಚಿದ್ದಳು. ಅಂಟಿದ ಸುಣ್ಣವನ್ನೆಲ್ಲ ಸೆರಗಿನಿಂದ ಕೆರೆದು ತೆಗೆದಳು. ಅವಳ ಬೆರಳ ತುದಿಗಳಲ್ಲೂ ಬೊಬ್ಬೆ ಎದ್ದವು. ಆಮೇಲೆ ಕಾಳಪ್ಪನನ್ನು ತೋಳು ಹಿಡಿದು ಎಳೆದುಕೊಂಡು ಹೋಗಿ ಆ ಕೈಯನ್ನು ನಲ್ಲಿಯ ಕೆಳಗಿಟ್ಟಳು. ನೀರು ಹಾಕಿದರೆ ಇನ್ನೂ ಕುದಿಯುತ್ತದೆ ಎಂದು ಒಳಗೆ ಇಣುಕಿದವರು ಯಾರೋ ಕೂಗಿದರು. ಅವಳು ಕೇಳಿಸಿಕೊಳ್ಳಲಿಲ್ಲ. ಅರ್ಧ ಗಂಟೆ ನಲ್ಲಿ ನಿಲ್ಲಿಸಲಿಲ್ಲ. ಅಷ್ಟು ಹೊತ್ತೂ ಗುರುಬಸಮ್ಮ ಅಲ್ಲೇ ನಿಂತಿದ್ದಳು. ಕೊನೆಗೆ ತನುಶ್ರೀ ತಿರುಗಿ ಅವಳನ್ನು ನೋಡಿದಳು.

"ಅತ್ತೆ," ಅಂದಳು. "ನಿಮ್ಮ ಮುಷ್ಟಿ ಬಿಚ್ಚಿ."

ಆಸ್ಪತ್ರೆಯಲ್ಲಿ ಕಾಳಪ್ಪ ಸುಣ್ಣದ ಡ್ರಮ್ಮಿಗೆ ಕೈ ಜಾರಿ ಬಿತ್ತೆಂದು ಬರೆಸಿದ. ಹಾಗೆ ಬರೆಸು ಎಂದು ಹೇಳಿದವನು ವರದರಾಜ. ರುದ್ರೇಶ ಬೇರೆ ಡಾಕ್ಟರ ಹತ್ತಿರ ಹೋಗಿ ಏಣಿಯಿಂದ ಬಿದ್ದೆನೆಂದ. ಅವನ ಬಲಗೈಗೆ ಹಾಕಿದ ಸಿಮೆಂಟು ಪಟ್ಟಿ ಬಿಚ್ಚಲು ಎರಡು ತಿಂಗಳಾಯಿತು. ಆ ಎರಡು ತಿಂಗಳು ತನುಶ್ರೀಯ ಮೈಮೇಲೆ ಹೊಸ ಗುರುತು ಬೀಳಲಿಲ್ಲ. ಪಟ್ಟಿ ಬಿಚ್ಚುವ ದಿನ ಗುರುಬಸಮ್ಮ ಎರಡು ಕಿಲೋ ಬಟ್ಟನ್ನು ತಕ್ಕಡಿಯ ಹತ್ತಿರದಿಂದ ತೆಗೆದು ತನ್ನ ಮಣೆಯ ಪಕ್ಕಕ್ಕೆ ಇಟ್ಟುಕೊಂಡಳು. ಮಗ ಅದನ್ನು ನೋಡಿದ.

ಫೆಬ್ರವರಿಯಲ್ಲಿ ಅಲಮೇಲು ಮಲ್ಲೇಶ್ವರಂನಿಂದ ತಂದ ಬಾಟಲಿಯೊಂದನ್ನು ಹಿಡಿದು ಬಂದಳು.

"ಇದಕ್ಕೊಂಚೂರು ಕೈ ಕೊಡಿ ಗುರುಬಸಮ್ಮನೋರೇ."

"ನೋಡಲ್ಲ."

"ಯಾಕ್ರೀ, ಕೈಗೇನಾಯ್ತು?"

"ಕೈ ಸರಿಯಾಗೇ ಇದೆ. ಬಾಯಿ ಸರಿಯಿಲ್ಲ. ಅವತ್ತು ನೀವು ತಂದಿದ್ರಲ್ಲ, ಅದು ಅಪ್ಪಟ ಜೇನು. ಸಕ್ಕರೆ ಅಂತ ನಾನು ಹೇಳಿದ್ದು ತಪ್ಪು."

ಅಲಮೇಲು ಕೆನ್ನೆಗೆ ಕೈ ಇಟ್ಟುಕೊಂಡಳು. "ಅಯ್ಯೋ ರಾಮ! ಬಾಟ್ಲು ಎಸೆದ್ಬಿಟ್ನಲ್ರೀ!"

ಕೇಳಿದವರಿಗೆಲ್ಲ ಗುರುಬಸಮ್ಮ ಅಷ್ಟನ್ನು ಹೇಳುತ್ತಿದ್ದಳು. ಅದರ ಆಚೆಯದನ್ನು ಯಾರೂ ಕೇಳಲಿಲ್ಲ. ಬೀದಿಗೆ ಎಲ್ಲ ಗೊತ್ತಿತ್ತು, ಬೀದಿಯ ಕಾಲೂ ಅದರಲ್ಲಿತ್ತು. ಬೆಳಗಿನ ಪೂಜೆಗೆ ಲಿಂಗವನ್ನು ಅಂಗೈಗೆ ತೆಗೆದುಕೊಂಡಾಗ ಅವಳು ಮೊದಲಿನಂತೆ ಕಣ್ಣು ಮುಚ್ಚುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಎಣಿಕೆ ಶುರುವಾಗುತ್ತಿತ್ತು.

ಯುಗಾದಿ ಕಳೆದು ವಾರಕ್ಕೆ, ಮಟಮಟ ಮಧ್ಯಾಹ್ನ, ಕಾಳಪ್ಪ ಬಂದ. ಮೆಟ್ಟಿಲು ಹತ್ತಲಿಲ್ಲ. ರಸ್ತೆಯಲ್ಲೇ ನಿಂತ. ಬಲಗೈಯ ಬೆರಳುಗಳು ಅಂಗೈಗೆ ಬೆಸೆದುಕೊಂಡು ಮುಷ್ಟಿಯಾಗಿಯೇ ಉಳಿದಿದ್ದವು. ಪೊಟರೆಗೆ ಹೋಗಬಲ್ಲ ಕೈ ಅದಾಗಿರಲಿಲ್ಲ. ಅವನನ್ನು ಕಂಡು ರುದ್ರೇಶ ಗೋದಾಮಿನೊಳಕ್ಕೆ ಹೋದ.

"ಡಬ್ಬ ಅವೆಯಾ ಅಮ್ಮಾವ್ರೆ?" ಎಂದ ಕಾಳಪ್ಪ.

ಇದ್ದವು. ಅವಳು ಮಾರಿರಲಿಲ್ಲ, ಮುಟ್ಟಲು ಬಿಟ್ಟಿರಲಿಲ್ಲ. ತಾನೇ ಒಂದೊಂದಾಗಿ ಎತ್ತಿ ತಂದು ಮೆಟ್ಟಿಲ ಮೇಲಿಟ್ಟು ಮುಚ್ಚಳ ತೆಗೆದಳು. ಬೇಸಿಗೆಯ ಬಿಸಿಲಿಗೆ ಹರಳೆಲ್ಲ ಕರಗಿ ಜೇನು ತಿಳಿಯಾಗಿ ಹೊಳೆಯುತ್ತಿತ್ತು.

"ಕರಗಿದೆ ಕಾಳಪ್ಪ. ನೀನು ಹೇಳಿದ ಹಾಗೇ."

"ಕರಗ್ತದೆ ಅಂದಿದ್ನಲ್ಲ."

ಅವನು ಎಡಗೈಯಿಂದ ಮುಚ್ಚಳಗಳನ್ನು ಹಾಕಿ ಮೊಣಕೈಯಿಂದ ಒತ್ತಿದ. ಅವಳು ಸಹಾಯಕ್ಕೆ ಬಗ್ಗಿದಳು. ಅವನು ಡಬ್ಬವನ್ನು ತನ್ನ ಕಡೆಗೆ ಸರಿಸಿಕೊಂಡ.

"ಒಂದು ಕೇಳ್ಬೇಕಿತ್ತು," ಎಂದ. "ಅವತ್ತು ಹಿತ್ಲಲ್ಲಿ ಬಿಸಿಯಾಗಿತ್ತು ಅಂದ್ರಲ್ಲ. ಯಾವಾಗ ಆಗಿದ್ದು? ನನ್ನ ಎಳ್ಕೊಂಡು ಹೋದ್ಮೇಲಾ? ಅದ್ಕೂ ಮುಂಚೇನಾ?"

ಹೋದ ಮೇಲೆ ಎನ್ನಬಹುದಿತ್ತು. ಸುಣ್ಣ ಹಳೆಯದು, ಕಾವು ತಡವಾಗಿ ಎದ್ದಿತು ಎಂದರೆ ಅವನು ನಂಬುತ್ತಿದ್ದ. ನಂಬಬೇಕೆಂದೇ ಮಾಗಡಿಯಿಂದ ಬಸ್ಸು ಹತ್ತಿ ಬಂದಿದ್ದ ಎಂದು ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಮುಂಚೆ," ಅಂದಳು ಗುರುಬಸಮ್ಮ. "ಮುಷ್ಟಿ ಮುಚ್ಚಿದ ತಕ್ಷಣ."

ಕಾಳಪ್ಪ ತಲೆಯಾಡಿಸಿದ. ಒಂದು ಡಬ್ಬವನ್ನು ಎಡಗೈಯಲ್ಲಿ ಹಿಡಿದ. ಇನ್ನೊಂದರ ಹಿಡಿಕೆಯನ್ನು ಬಲ ಮೊಣಕೈಗೆ ನೇತುಹಾಕಿಕೊಂಡ. ಭಾರಕ್ಕೆ ಒಂದು ಕಡೆ ವಾಲಿ, ಕಾಫಿಪುಡಿ ಅಂಗಡಿಯ ಮುಂದೆಯೇ ಹಾದು, ಬಸ್ಸಿನ ಕಡೆಗೆ ನಡೆದ. ವರದರಾಜನ ಮಿಷನ್ ತಿರುಗುತ್ತಲೇ ಇತ್ತು.